ಗೆರೆಯ ಬಳಿ ಎರಡು ಗುರುತು

ಕೋಲಾರದ ಅಂಗಡಿಯೊಂದರಲ್ಲಿ ಮಗಳಿಗೆ ಟೆನಿಸ್ ಚೆಂಡು ಕೊಳ್ಳುತ್ತಿದ್ದೆ. ಅಂಗಡಿಯವನು ಡಬ್ಬಿಯ ಮುಚ್ಚಳ ಎಳೆದ ಕೂಡಲೇ ಬುಸ್ಸೆಂದು ಗಾಳಿ ಹೊರಬಂತು, ಜೊತೆಗೇ ಹೊಸ ರಬ್ಬರಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಡಬ್ಬಿಯನ್ನು ಮೂಗಿಗೆ ಹಿಡಿದು ನಿಂತುಬಿಟ್ಟೆ. ಬೈರಕೂರಿನ ನಮ್ಮ ಪಕ್ಕದ ಮನೆಯ ಅಕ್ಕನ ಕೈಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು...

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳಪ್ಪ ಮುಳಬಾಗಿಲಿನಲ್ಲಿ ಡ್ರಿಲ್ ಮೇಷ್ಟ್ರು. ಟೆನಿಸ್ ಹುಚ್ಚು ಹತ್ತಿಸಿದವರೇ ಅವರು. ಊರಲ್ಲಿ ಕೋರ್ಟು ಎಲ್ಲಿಂದ ಬರಬೇಕು? ರಾಗಿ ಒಕ್ಕಣೆ ಮುಗಿದ ಕಣದಲ್ಲಿ, ಟೊಮೆಟೊ ಗಿಡಕ್ಕೆ ಆಸರೆ ಕೊಡುವ ಎರಡು ಕಡ್ಡಿ ಹೂತು ಹಳೆಯ ಸೀರೆ ಕಟ್ಟಿದರು. ಅದೇ ನೆಟ್ಟು. ಸಗಣಿ ಸಾರಿಸಿದ ನೆಲದಲ್ಲಿ ಚೆಂಡು ಮೊಣಕಾಲೆತ್ತರಕ್ಕೂ ಏಳುತ್ತಿರಲಿಲ್ಲ. ಅಕ್ಕ ಬಗ್ಗಿ ಬಗ್ಗಿಯೇ ಆಟ ಕಲಿತಳು. ಮುಂದೆ, ನೆಲ ಸವರಿಕೊಂಡು ಬರುವ ಅವಳ ಹೊಡೆತಕ್ಕೆ ಎಂಥೆಂಥವರೋ ತಬ್ಬಿಬ್ಬಾದರು.

ಕಣಕ್ಕೆ ಯಾರೂ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ. ಬೆಂಗಳೂರಿನ ಮೊದಲ ಪಂದ್ಯದಲ್ಲಿ ಅಕ್ಕ ಅಭ್ಯಾಸಬಲದಿಂದ ಹೊಸ ಶೂಗಳನ್ನು ಗೆರೆಯಾಚೆ ಜೋಡಿಸಿಟ್ಟು, ಬರಿಗಾಲಲ್ಲೇ ಕೋರ್ಟಿಗಿಳಿದಳಂತೆ. ಅವಳಪ್ಪ ಗಾಬರಿಯಲ್ಲಿ ಮನೆಮಾತಾದ ತೆಲುಗಿಗೆ ಜಾರಿ, "ಬೂಟ್ಲು ಏಸ್ಕೋಮ್ಮಾ, ಇದು ನಮ್ ಕಣ ಅಲ್ಲ!" ಎಂದು ಕೂಗಿದರಂತೆ. ಎಲ್ಲರೂ ನಕ್ಕರು. ಅಕ್ಕ ನಿಧಾನವಾಗಿ ಶೂ ಹಾಕಿಕೊಂಡು ಬಂದು ಪಂದ್ಯ ಗೆದ್ದೇಬಿಟ್ಟಳು. ಅವತ್ತಿನಿಂದ ನನಗೆ ಅವಳೆಂದರೆ ಪ್ರಾಣ.

ಹತ್ತು ವರ್ಷ ಊರೂರು ತಿರುಗಿ ಆಡಿದಳು. ರೈಲಿನಲ್ಲಿ ನಿದ್ದೆ, ಡಬ್ಬಿಯಲ್ಲಿ ಚಿತ್ರಾನ್ನ, ಬಲಮಂಡಿಗೆ ಸದಾ ಪಟ್ಟಿ. ದೊಡ್ಡ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಮ್ಮೆಯಾದರೂ ಆಡಬೇಕು ಎನ್ನುವುದೊಂದೇ ಆಸೆ. ಕೊನೆಗೂ ಬೆಂಗಳೂರಿನಲ್ಲಿ ಆ ಅವಕಾಶ ಬಂತು. ಅರ್ಹತಾ ಪಂದ್ಯ ಒಂದು ಗೆದ್ದರೆ ಸಾಕಿತ್ತು. ಮಂಡಿ ಇನ್ನೊಂದು ವರ್ಷ ತಾಳುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ನಾನೂ ಹೋಗಿ ಕೋರ್ಟಿನ ಪಕ್ಕದಲ್ಲೇ ಕೂತೆ.

ಅಂಥ ಪಂದ್ಯಕ್ಕೆ ಗೆರೆ ಕಾಯುವವರು ಇರುತ್ತಿರಲಿಲ್ಲ. ತನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಆಟಗಾರ್ತಿಯೇ ಹೇಳಬೇಕು. ಮೂರನೇ ಸೆಟ್ಟು. ಎದುರಾಳಿಯ ಗೆಲುವಿಗೆ ಇನ್ನೊಂದೇ ಪಾಯಿಂಟು. ಆಕೆ ಹೊಡೆದ ಚೆಂಡು ಅಕ್ಕನನ್ನು ದಾಟಿ ಗೆರೆಯ ಬಳಿ ಬಿತ್ತು. ಕೆಂಪು ಮಣ್ಣಿನಲ್ಲಿ ಎರಡು ಗುರುತು: ಒಂದು ಗೆರೆಗೆ ತಾಗಿ, ಅಂದರೆ ಒಳಗೆ; ಇನ್ನೊಂದು ಎರಡು ಬೆರಳು ಆಚೆ. ಯಾವುದು ಹಳೆಯದು, ಯಾವುದು ಈಗಿನದು? ಅಕ್ಕ ಬಹಳ ಹೊತ್ತು ಬಗ್ಗಿ ನೋಡಿದಳು. ಆಮೇಲೆ ನೆಟ್ಟಿನ ಬಳಿ ಹೋಗಿ ಎದುರಾಳಿಯ ಕೈ ಕುಲುಕಿದಳು.

ಬಸ್ಸಿನಲ್ಲಿ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಔಟ್ ಅಂದಿದ್ರೆ ಯಾರ್ ಕೇಳ್ತಿದ್ರಕ್ಕಾ?" ಎಂದೆ.

"ಗೊತ್ತಾಗ್ದಿದ್ಮೇಲೆ ಪಾಯಿಂಟು ಅವಳ್ದೇ ಕಣೇ. ರೂಲೇ ಹಂಗೈತೆ. ಸುಮ್ನಿರು," ಎಂದಳು. ಹೊಸಕೋಟೆ ದಾಟಿದ ಮೇಲೆ ಕಿಟಕಿ ಕಡೆ ತಿರುಗಿ ಅತ್ತಳು. ನಾನು ನೋಡದವಳಂತೆ ಕೂತಿದ್ದೆ.

ಆಟ ಅಲ್ಲಿಗೇ ನಿಂತಿತು. ಆಮೇಲೆ ಶ್ರೀನಿವಾಸಪುರದಲ್ಲಿ ಮಕ್ಕಳಿಗೆ ಹೇಳಿಕೊಟ್ಟಳು. ಇವಳ ಹತ್ತಿರ ಕಲಿತವರು ಅನುಮಾನದ ಚೆಂಡನ್ನೆಲ್ಲ ಎದುರಾಳಿಗೇ ಕೊಟ್ಟು ಸೋತು ಬರುತ್ತಾರೆಂದು ಅಪ್ಪ ಅಮ್ಮಂದಿರು ಗೊಣಗುತ್ತಿದ್ದರು. ಗೊಣಗಿದರೇ ಹೊರತು ಒಬ್ಬರೂ ಮಕ್ಕಳನ್ನು ಬಿಡಿಸಲಿಲ್ಲ.

ಹೋದ ವರ್ಷ ಕೋಲಾರದ ಆಸ್ಪತ್ರೆಯಲ್ಲಿ ಅವಳನ್ನು ಕೊನೆಯ ಸಲ ನೋಡಿದೆ. ಕಾಯಿಲೆಗೆ ಅರ್ಧವಾಗಿ ಹೋಗಿದ್ದಳು... ನನ್ನ ಕೈ ಹಿಡಿದು ಕೇಳಿದಳು: "ನೀನ್ ಹತ್ರಾನೇ ಕೂತಿದ್ಯಲ್ಲೇ. ದಿಟ ಹೇಳು, ಅವತ್ತು ಒಳಗ್ ಬಿತ್ತೋ, ಹೊರಗೋ?"

ಇಷ್ಟು ವರ್ಷವೂ ಅದು ಅವಳನ್ನು ಬಿಟ್ಟಿರಲಿಲ್ಲ.

"ಒಳಗೇ ಬಿತ್ತಕ್ಕಾ. ನಾನೇ ಕಣ್ಣಾರೆ ನೋಡಿದ್ನಲ್ಲ," ಎಂದೆ. ಅಕ್ಕ ಉದ್ದಕ್ಕೆ ಉಸಿರು ಬಿಟ್ಟು ನಕ್ಕಳು. ಮೂರು ದಿನಕ್ಕೆ ಹೋಗಿಬಿಟ್ಟಳು.

ನಾನು ನೋಡಿರಲಿಲ್ಲ. ಆ ಚೆಂಡು ಬೀಳುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕುರುಡುಮಲೆ ಗಣಪನಿಗೆ ಹರಕೆ ಹೊರುತ್ತಿದ್ದೆ. ಆಟದಲ್ಲಿ ಒಂದು ಸುಳ್ಳೂ ಆಡದವಳಿಗೆ ನಾನು ಸುಳ್ಳು ಹೇಳಿ ಕಳಿಸಿದೆ. ಅಕ್ಕ ಇಲ್ಲ ಎನ್ನುವುದು ಇವತ್ತಿಗೂ ನನಗೆ ಒಗ್ಗಿಲ್ಲ. ಆದರೆ ಅವಳು ಎದ್ದು ಬಂದು ಮತ್ತೆ ಕೇಳಿದರೂ, ಒಳಗೇ ಬಿತ್ತು ಎಂದೇ ಹೇಳುತ್ತೇನೆ.