ಎಳ್ಳಮಾವಾಸ್ಯೆಯೂ ನಮ್ಮ ಸರ್ವರೂ

ಪಕ್ಕದ ಮನೆಯ ಸೊಸೆ ಬೆಳಿಗ್ಗೆ ಒಂದು ಡಬ್ಬಿ ಕೊಟ್ಟು ಹೋದಳು. ಮುಚ್ಚಳ ತೆಗೆಯುವ ಮೊದಲೇ ಒಳಗೇನಿದೆ ಎಂದು ತಿಳಿಯಿತು. ನಿನ್ನೆಯ ಎಳ್ಳಮಾವಾಸ್ಯೆಯ ಭಜ್ಜಿ. ಹಸಿ ಕಾಳು, ಮೆಂತ್ಯ ಸೊಪ್ಪು, ಹುಣಸೆಯ ಹುಳಿ, ಕಡಲೆ ಹಿಟ್ಟು ಎಲ್ಲ ಕೂಡಿ ಕುದಿದು, ಒಂದು ರಾತ್ರಿ ಕಳೆದು ಇನ್ನಷ್ಟು ಗಟ್ಟಿಯಾದ ಆ ವಾಸನೆಗೆ ಬಾಯಲ್ಲಿ ನೀರೂರದವನು ನಮ್ಮ ಬೀದರ ಸೀಮೆಯವನೇ ಅಲ್ಲ. ನನಗೂ ನೀರೂರಿತು. ಆದರೆ ಅದರ ಜೊತೆಗೇ, ಮುಚ್ಚಳ ತೆಗೆಯದೆ ಡಬ್ಬಿಯನ್ನು ದೂರ ಸರಿಸಿದೆ. ಭಜ್ಜಿ ಕಂಡು ಹೆದರುವ ಹೆಂಗಸು ಈ ಹುಮನಾಬಾದದಲ್ಲಿ ನಾನೊಬ್ಬಳೇ ಇರಬೇಕು.

ಈ ಸಲ ಹೆದರಿಕೆ ಒಂದು ಕೈ ಹೆಚ್ಚೇ ಆಯಿತು. ಯಾಕೆಂದರೆ ಪ್ರತಿ ಎಳ್ಳಮಾವಾಸ್ಯೆಯ ಸಂಜೆ ತಪ್ಪದೆ ಬರುವ ಒಂದು ಫೋನು ನಿನ್ನೆ ಬರಲಿಲ್ಲ. ಹಿಂದೆ ನನ್ನ ಜೊತೆ ಕೆಲಸ ಮಾಡಿದ ವಾಹೀದ್ ಚಾಚಾ ಬಸವಕಲ್ಯಾಣದಿಂದ ಮಾಡುವ ಫೋನು ಅದು. ಹೋದ ಮಳೆಗಾಲದಲ್ಲಿ ಅವರು ಎದೆನೋವಿನಿಂದ ಆಸ್ಪತ್ರೆ ಸೇರಿ ಬಂದಿದ್ದರು. ನಾನೇ ಮಾಡಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಬಹುದಿತ್ತು. ಆ ಕಡೆ ಯಾರು ಎತ್ತುತ್ತಾರೋ, ಎತ್ತಿದವರು ಏನು ಹೇಳುತ್ತಾರೋ ಎಂದು ನೆನೆದು ಮೊಬೈಲನ್ನು ಅಕ್ಕಿಯ ಡಬ್ಬದ ಮೇಲೆ ಬೋರಲು ಹಾಕಿಟ್ಟು ಮಲಗಿದೆ.

ನಾನು ಹುಟ್ಟಾ ಅಂಜುಬುರುಕಿ. "ಇಕಿ ಹಗ್ಗ ಕಂಡ್ರೇ ಹಾವು ಅಂತಾಳ, ಇನ್ನ ಹಾವು ಕಂಡ್ರ ಏನಂತಾಳೋ" ಎಂದು ಅವ್ವ ನಗುತ್ತಿದ್ದಳು. ಅಂಥವಳು ಹೋಗಿ ಹೋಗಿ ಕಂಪ್ಯೂಟರ್ ಕಲಿತೆ. ತೊಂಬತ್ತರ ದಶಕದಲ್ಲಿ ಬಸವಕಲ್ಯಾಣದಲ್ಲಿ ಟೈಪಿಂಗ್ ಕ್ಲಾಸಿನ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಬಂದಾಗ, ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಿ ಒಳಗೆ ಹೋಗಬೇಕಿತ್ತು. ಮಾಸ್ತರರು ಮೊದಲ ದಿನ ಹೇಳಿದ ಪಾಠ ಒಂದೇ, ತಪ್ಪು ಗುಂಡಿ ಒತ್ತಿದರೆ ಎಲ್ಲ ಅಳಿಸಿ ಹೋಗುತ್ತದೆ. ಮುಂದೆ ಕಲಬುರಗಿಗೆ ಹೋಗಿ ಎಂ.ಸಿ.ಎ. ಮುಗಿಸಿದರೂ ಆ ಮೊದಲ ಪಾಠ ಮಾತ್ರ ಎದೆಯಿಂದ ಇಳಿಯಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಹುಮನಾಬಾದದ ಆಚೆ ಒಂದು ಸಣ್ಣ ಖಾಸಗಿ ಸಕ್ಕರೆ ಕಾರ್ಖಾನೆಯಲ್ಲಿ ನನಗೆ ಕೆಲಸ ಸಿಕ್ಕಿತು. ಅದೀಗ ಇಲ್ಲ, ಹೆಸರೂ ಬೇಡ. ದಿನಾ ಬಸವಕಲ್ಯಾಣದಿಂದ ಮೊದಲ ಬಸ್ಸು ಹತ್ತಿ ಬರುತ್ತಿದ್ದೆ. ಆ ಹಂಗಾಮಿಗೆ ಮಾಲೀಕರು ಪುಣೆಯ ಒಂದು ಕಂಪನಿಯಿಂದ ಹೊಸ ತಂತ್ರಾಂಶ ತರಿಸಿದ್ದರು. ಯಾರ ಕಬ್ಬು ಯಾವಾಗ ಕಡಿಯಬೇಕು, ಯಾವ ಬಂಡಿ ಯಾವಾಗ ತೂಕದ ಕಾಟಾ ಏರಬೇಕು, ಎಲ್ಲ ಅದರಲ್ಲೇ. ಅದರ ನಡುಮಧ್ಯೆ ಎಲ್ಲವನ್ನೂ ನಡೆಸುವ ಒಂದು ಜಾವಾ ಅಪ್ಲಿಕೇಷನ್ ಸರ್ವರ್. ಪುಣೆಯ ಹುಡುಗರು ಬಂದು, ಕೂಡಿಸಿ, ನಮ್ಮೂರಿನ ಖಾರ ತಡೆಯಲಾರದೆ ಬೇಗ ಹೋದರು. ಉಳಿದದ್ದು ಸರ್ವರು ಮತ್ತು ನಾನು.

ಆ ಸರ್ವರಿನ ನಡೆನುಡಿಯೆಲ್ಲ ಒಂದು ಸಂರಚನಾ ಕಡತದಲ್ಲಿತ್ತು. ಎಷ್ಟು ಮೆಮೊರಿ ತಿನ್ನಬೇಕು, ಯಾವ ಬಾಗಿಲಲ್ಲಿ ಕಿವಿಗೊಟ್ಟು ಕೂಡಬೇಕು, ಎಲ್ಲವನ್ನೂ ಚೂಪು ಕಂಸಗಳ ನಡುವೆ ಬರೆದಿದ್ದರು. ಒಂದು ಕಂಸ ಬಿಟ್ಟುಹೋದರೂ ಸರ್ವರು ಏಳುವುದೇ ಇಲ್ಲ. ನಾನು ಒಂದಕ್ಷರ ತಿದ್ದುವ ಮೊದಲು ಆ ಕಡತದ ಪ್ರತಿ ತೆಗೆದಿಡುತ್ತಿದ್ದೆ. 'ಹಳೇದು', 'ಹಳೇದು ಎರಡು', 'ಖರೇ ಹಳೇದು', 'ಇದನ್ನ ಮುಟ್ಟಬ್ಯಾಡ' ಎಂದು ಅವಕ್ಕೆ ಹೆಸರು. ಕೊನೆಗೆ ಯಾವುದು ನಿಜವಾದದ್ದು ಎಂದು ತಿಳಿಯದೆ ಅದಕ್ಕೂ ಹೆದರುತ್ತಿದ್ದೆ.

ವಾಹೀದ್ ಚಾಚಾ ಕಬ್ಬಿನ ಯಾರ್ಡಿನ ಮುಖ್ಯಸ್ಥರು. ಅವರ ಮನೆ ಬಸವಕಲ್ಯಾಣದ ಕೋಟೆಯ ಹತ್ತಿರ. ತಲೆಯ ಮೇಲೆ ಬಿಳಿ ಟೋಪಿ, ಎಡಗಾಲು ಕುಂಟು. ಆ ಕಾಲಿನ ಕಥೆ ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ಕಂಪ್ಯೂಟರ್ ಬರುವ ಮೊದಲು ಗೇಟಿನಲ್ಲಿ ಬಂಡಿಯವರಿಗೆ ತಗಡಿನ ಬಿಲ್ಲೆ ಕೊಡುತ್ತಿದ್ದರು, ಬಿಲ್ಲೆಯ ಮೇಲೆ ಸರತಿಯ ನಂಬರು. ಜನ ಬಿಲ್ಲೆ ಮಾರಿಕೊಂಡರು, ಬದಲಾಯಿಸಿಕೊಂಡರು, ಮನೆಯಲ್ಲೇ ತಗಡು ಕತ್ತರಿಸಿ ಹೊಸದನ್ನೂ ಮಾಡಿಕೊಂಡರು. ಒಂದು ಬೆಳಿಗ್ಗೆ ಒಂದೇ ನಂಬರು ಹಿಡಿದ ಎರಡು ಟ್ರ್ಯಾಕ್ಟರುಗಳು ಕಾಟಾದ ಗೇಟಿಗೆ ಒಟ್ಟಿಗೆ ನುಗ್ಗಿದವು. ನಡುವೆ ಬಿಡಿಸಲು ನಿಂತ ಚಾಚಾ ಅವರ ಕಾಲು ಟ್ರಾಲಿಗೂ ಗೇಟಿನ ಕಂಬಕ್ಕೂ ಮಧ್ಯೆ ಸಿಕ್ಕು ಪುಡಿಯಾಯಿತು.

ಅದಕ್ಕೇ ಹೊಸ ತಂತ್ರಾಂಶ ಬಂದಾಗ ಅವರು ಹಟ ಹಿಡಿದರು. "ಬಿಲ್ಲೆ ಬ್ಯಾಡ, ಚೀಟಿನೂ ಬ್ಯಾಡ. ಕೈಯಾಗ ಕೊಟ್ಟಿದ್ದು ಮಾರಾಟ ಆಗತದ. ನಂಬರ್ ಮಷೀನಿನ ಹೊಟ್ಟ್ಯಾಗ ಇರ್ಲಿ" ಎಂದರು. ಹಾಗೇ ಆಯಿತು. ಬಂಡಿ ಹೊರಗೇಟು ದಾಟಿದಾಗ ಅದರ ನಂಬರು ಸರ್ವರಿನ ನೆನಪಿನಲ್ಲಿ ಕೂಡುತ್ತಿತ್ತು. ಕಾಟಾ ಏರಿದ ಮೇಲಷ್ಟೇ ಅದು ಡೇಟಾಬೇಸಿಗೆ ಹೋಗಿ ಗಟ್ಟಿಯಾಗುತ್ತಿತ್ತು. ಅಲ್ಲಿಯವರೆಗೆ ಆ ಸರತಿ ಬೇರೆಲ್ಲೂ ಇಲ್ಲ, ಸರ್ವರು ಬಂದ್ ಆದರೆ ಅದೂ ಅಳಿಸಿ ಹೋಗುತ್ತದೆ. ಇದನ್ನು ತಿಳಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ, ಕಾರ್ಖಾನೆಯ ಸೈರನ್ನು ಕನಸಿನಲ್ಲೂ ಕೂಗುತ್ತಿತ್ತು.

ಆದರೂ ಹಂಗಾಮು ಸುಗಮವಾಗಿ ಸಾಗಿತ್ತು. ಹಗಲು ರಾತ್ರಿ, ಭಾನುವಾರ ಸೋಮವಾರ ಎನ್ನದೆ ಕಬ್ಬು ಬರುತ್ತಿತ್ತು, ಗಾಣ ತಿರುಗುತ್ತಿತ್ತು. ಆಮೇಲೆ ಬಂತು ಎಳ್ಳಮಾವಾಸ್ಯೆ. ಆ ದಿನ ನಮ್ಮ ಕಡೆ ಯಾರೂ ಕಬ್ಬಿಗೆ ಕುಡುಗೋಲು ಹಚ್ಚುವುದಿಲ್ಲ. ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು, ಮರದ ನೆರಳಿಗೆ ಮಲಗುತ್ತದೆ. ಕಾರ್ಖಾನೆಯವರು ಅದೇ ದಿನ ನೋಡಿ ಗಾಣ ನಿಲ್ಲಿಸಿ ತೊಳೆಯುತ್ತಿದ್ದರು. ಕಾಟಾ ಮರುದಿನ ಬೆಳಿಗ್ಗೆಗೇ ತೆರೆಯುವುದು. ನಾನೂ ನಮ್ಮ ಹೊಲದಲ್ಲಿ ಹೊಟ್ಟೆ ಬಿರಿಯುವಂತೆ ಉಂಡು, ಆ ಹಂಗಾಮಿನಲ್ಲಿ ಮೊದಲ ಬಾರಿಗೆ ಸರ್ವರನ್ನು ಮರೆತು ಮಲಗಿದೆ.

ಮರುದಿನ ಬಸ್ಸಿಳಿದಾಗ ಯಾರ್ಡು ತುಂಬಿ ತುಳುಕುತ್ತಿತ್ತು. ಹಬ್ಬ ಮುಗಿಸಿದ ಘಾಟಬೋರಾಳದವರು, ನಿರ್ಣಾದವರು, ಎಲ್ಲರೂ ಹಬ್ಬಕ್ಕೆ ಮೊದಲೇ ಕಡಿದಿಟ್ಟ ಕಬ್ಬು ಹೇರಿಕೊಂಡು ರಾತ್ರಿಯಿಂದಲೇ ಬಂದು ಸಾಲು ಹಚ್ಚಿದ್ದರು. ಚಾಚಾ ಕಾಟಾದ ಕೋಣೆಯ ಬಾಗಿಲಲ್ಲಿ ನನಗಾಗಿ ಕಾಯುತ್ತಿದ್ದರು.

"ಬೇಟಿ, ಏನೋ ಆಗ್ಯದ ನೋಡು. ಒತ್ತಿದ್ರ ಚಕ್ರ ತಿರಗತದ, ಮುಂದ ಹೋಗವಲ್ದು."

ನೋಡಿದೆ. ಯಾವ ಪುಟವೂ ತೆರೆಯಲೊಲ್ಲದು. ಸರ್ವರಿನ ದಾಖಲೆ ತೆಗೆದರೆ, ಸಂಪರ್ಕ ಕಡಿದಿದೆ, ಸಂಪರ್ಕ ಕಡಿದಿದೆ ಎಂದು ಸಾಲಿನ ಮೇಲೆ ಸಾಲು. ಏನಾಗಿದೆ ಎಂದು ಹೊಳೆಯಲು ತುಸು ಹೊತ್ತು ಬೇಕಾಯಿತು. ನಿಮಗೆ ಸರಳವಾಗಿ ಹೇಳುತ್ತೇನೆ. ಸರ್ವರು ಡೇಟಾಬೇಸಿನ ಜೊತೆ ಪ್ರತಿ ಸಲ ಹೊಸದಾಗಿ ಮಾತು ಶುರು ಮಾಡುವುದಿಲ್ಲ. ಕೆಲವು ಫೋನುಗಳನ್ನು ಹಚ್ಚಿಟ್ಟುಕೊಂಡೇ ಇರುತ್ತದೆ, ಕೆಲಸ ಬಂದಾಗ ಒಂದನ್ನು ಎತ್ತಿ ಕೊಡುತ್ತದೆ. ಆ ಕಡೆಯ ಡೇಟಾಬೇಸು ಎಂಟು ತಾಸು ಯಾರೂ ಮಾತಾಡದಿದ್ದರೆ ಸುಮ್ಮನೆ ಫೋನು ಇಟ್ಟುಬಿಡುತ್ತದೆ. ಈ ಕಡೆಯ ಸರ್ವರಿಗೆ ಅದು ಗೊತ್ತಾಗುವುದಿಲ್ಲ. ಸತ್ತ ಫೋನನ್ನೇ ಕಿವಿಗೆ ಹಿಡಿದು ಕಾಯುತ್ತ ಕೂಡುತ್ತದೆ. ಹೊರಗೇಟಿನ ಸರತಿ ಡೇಟಾಬೇಸನ್ನು ಮುಟ್ಟುತ್ತಿರಲಿಲ್ಲವಾದ್ದರಿಂದ ರಾತ್ರಿಯೆಲ್ಲ ಅದು ನಡೆದಿತ್ತು, ಬೆಳಿಗ್ಗೆ ಕಾಟಾ ತೆರೆದಾಗ ಎಲ್ಲವೂ ಸಿಕ್ಕಿಬಿತ್ತು. ಕೊಡುವ ಮೊದಲು "ಇದ್ದೀಯಾ?" ಎಂದು ಒಂದು ಮಾತು ಕೇಳಿ ನೋಡು ಎನ್ನುವ ಸಾಲೊಂದನ್ನು ಕಡತದಲ್ಲಿ ಬರೆಯಬೇಕಿತ್ತು. ಪುಣೆಯವರು ಬರೆದಿರಲಿಲ್ಲ. ಹಂಗಾಮಿನ ನಡುವೆ ಇಡೀ ಸೀಮೆಯೇ ಕೆಲಸ ಬಿಟ್ಟು ಹೊಲದಲ್ಲಿ ಮಲಗುವ ದಿನವೊಂದಿದೆ ಎಂದು ಅವರಿಗೆ ಯಾರು ಹೇಳಬೇಕು?

ಪುಣೆಗೆ ಫೋನು ಹಚ್ಚಿದರೆ, ಬಂದ್ ಮಾಡಿ ಮತ್ತೆ ಶುರು ಮಾಡಿ ಎಂದು ಹೇಳಿ ಇಟ್ಟರು.

"ಬಂದ್ ಮಾಡಿ ಚಾಲೂ ಮಾಡಬೇಕ್ರಿ ಚಾಚಾ."

"ಮಾಡು ಮತ್ತ."

"ಮಾಡಿದ್ರ ಸರತಿ ಅಳಿಸಿ ಹೋಗತದ್ರಿ. ರಾತ್ರಿಯಿಂದ ಬಂದಿದ್ದೆಲ್ಲಾ. ಬರಕೊಳ್ಳೋಣಂದ್ರ ಪುಟಾನೇ ತೆರಿವಲ್ದು."

ಅವರ ಕೈ ತಾನೇ ಹೋಗಿ ಎಡಗಾಲಿನ ಮೊಣಕಾಲನ್ನು ಹಿಡಿಯಿತು. ಕಿಟಕಿಯಾಚೆ ಟ್ರ್ಯಾಕ್ಟರುಗಳು, ನೊಗ ಹೊತ್ತ ಎತ್ತುಗಳು, ಕಾದು ಸಿಟ್ಟಾಗುತ್ತಿದ್ದ ಜನ. ಸರತಿ ಹೋಯಿತೆಂದು ಒಬ್ಬನಿಗೆ ತಿಳಿದರೆ ಸಾಕು, ಎಲ್ಲರೂ ಕಾಟಾದ ಗೇಟಿಗೆ ನುಗ್ಗುತ್ತಾರೆ. ಆ ಗೇಟಿನಲ್ಲಿ ನಿಲ್ಲುವವರು ಇವರೇ. ನನಗೆ ಅಳು ಬಂತು. ಹೆದರುವವರ ಮೇಲೆ ಹಾವು ಎಸೆದ ಹಾಗೆ, ಈ ಗುಂಡಿ ನನ್ನ ಕೈಗೇ ಯಾಕೆ ಬಂತು ಎನಿಸಿತು.

"ನಾ ಹೊರಗ ಹೋಗತೀನಿ," ಎಂದರು ಚಾಚಾ. "ನಾ ಟೋಪಿ ತಗದು ತೋರಿಸೋ ತನಕ ಒತ್ತಬ್ಯಾಡ."

ಕುಂಟುತ್ತ ಯಾರ್ಡಿನ ನಡುವೆ ಹೋಗಿ ನಿಂತು ಕೂಗಿದರು. "ಎಲ್ಲಾರೂ ಕೊಳ್ಳ ಹರೀರಿ! ಎತ್ತಿಗಿ ಮೇವು ಹಾಕ್ರಿ! ನಿನ್ನಿ ಭಜ್ಜಿ ಗಂಟಿನ್ಯಾಗ ಇಟ್ಕೊಂಡು ಪೂಜಾ ಮಾಡ್ತೀರೇನು? ಉಣ್ರಿ ಮೊದಲ!"

ಎಳ್ಳಮಾವಾಸ್ಯೆಯ ಮರುದಿನ ಗಂಟಿನಲ್ಲಿ ಭಜ್ಜಿಯಿಲ್ಲದ ಬಂಡಿ ನಮ್ಮ ಸೀಮೆಯಲ್ಲಿ ಇರುವುದಿಲ್ಲ. ಜನ ನಕ್ಕರು. ಒಬ್ಬೊಬ್ಬರಾಗಿ ನೊಗ ಇಳಿಸಿದರು. ಎತ್ತು ಬಿಚ್ಚಿದ ಬಂಡಿ ಎಲ್ಲಿಗೂ ನುಗ್ಗಲಾರದು ಎಂದು ನನಗೆ ಆಗ ತಿಳಿಯಿತು. ಗಂಟುಗಳು ಬಿಚ್ಚಿಕೊಂಡ ಮೇಲೆ ಚಾಚಾ ನಿಜ ಹೇಳಿದರು. "ಮಷೀನ್ ಬಿಮಾರ್ ಬಿದ್ದದ, ನಂಬರ್ ಮರತದ. ಈಗ ಗಾಡಿ ಎಲ್ಲಿ ನಿಂತದ, ಅದೇ ನಿಮ್ಮ ಸರತಿ."

ಆಗ ಹಿಂದಿನ ಸಾಲಿನಲ್ಲಿ ಒಂದು ಟ್ರ್ಯಾಕ್ಟರಿನ ಎಂಜಿನ್ನು ಗುಡುಗಿತು. "ನಂಬರ್ ಇಲ್ಲಂದ್ರ ಮುಂದ ಹೋದವ್ರಿಗೇ ಮೊದಲ ಅಲ್ರೀ?" ಎಂದ ಅದರ ಡ್ರೈವರ್. ಗಾಡಿ ಸಾಲು ಬಿಟ್ಟು ಹೊರಬಿತ್ತು. ನಾನು ಕಣ್ಣು ಮುಚ್ಚಬೇಕೆಂದರೂ ಮುಚ್ಚಲಾಗಲಿಲ್ಲ. ಚಾಚಾ ಹೋಗಿ ಅದರ ಮುಂದೆ ನಿಂತರು. ಟ್ರ್ಯಾಕ್ಟರು ಇನ್ನೂ ಬರುತ್ತಿತ್ತು.

"ಒಂದು ಕಾಲು ಕೊಟ್ಟೀನಿ ಈ ಗೇಟಿಗಿ," ಎಂದರು. "ಇನ್ನೊಂದು ಬೇಕೇನು?"

ಅಂಗೈ ಚಾಚಿದರು. ಎಂಜಿನ್ನು ನಿಂತಿತು. ಡ್ರೈವರ್ ಚಾವಿ ತೆಗೆದು ಆ ಅಂಗೈಯಲ್ಲಿಟ್ಟ. ಅವನನ್ನು ನೋಡಿ ಉಳಿದ ಟ್ರ್ಯಾಕ್ಟರಿನವರೂ ಕೊಟ್ಟರು. ಚಾವಿಗಳನ್ನೆಲ್ಲ ಜುಬ್ಬಾದ ಕಿಸೆಗೆ ಹಾಕಿಕೊಂಡು, ನನ್ನ ಕಿಟಕಿಯ ಕಡೆ ತಿರುಗಿ ಚಾಚಾ ಟೋಪಿ ತೆಗೆದರು.

ನಾನು ಕಡತದಲ್ಲಿ "ಇದ್ದೀಯಾ?" ಎಂದು ಕೇಳಿಸುವ ಆ ಒಂದು ಸಾಲನ್ನು ಬರೆದೆ. ಕಂಸಗಳನ್ನು ಬೆರಳಿಟ್ಟು ಎಣಿಸಿದೆ. ಒತ್ತಿದೆ. ಸರ್ವರು ಮಲಗಿ ಏಳುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಎದ್ದಿತು. ಆಮೇಲೆ ಚಾಚಾ ಸಾಲಿನುದ್ದಕ್ಕೂ ನಡೆಯುತ್ತ ಒಂದೊಂದೇ ಗಾಡಿಯ ನಂಬರು ಕೂಗಿದರು, ನಾನು ಕಿಟಕಿಯೊಳಗಿಂದ ಕೇಳಿ ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಗಾಣ ತಿರುಗಿತು.

ಯಾರೋ ಕೊಟ್ಟ ಭಜ್ಜಿ ರೊಟ್ಟಿಯನ್ನು ಅವರು ನನ್ನ ಮುಂದಿಟ್ಟರು. "ಉಣ್ಣು. ಕೈ ನಡಗಾಕತ್ತದ ನಿಂದು." ನಾನು ಅವರ ಕೈಯಲ್ಲಿದ್ದ ಚಹಾದ ಬಸಿ ನೋಡಿದೆ. ಚಹಾ ಅಂಚು ದಾಟಿ ಚೆಲ್ಲುತ್ತಿತ್ತು.

"ನಿಮ್ಮದೂ ನಡಗಾಕತ್ತದಲ್ರೀ ಚಾಚಾ."

"ಮತ್ತೇನು? ನನಗ ಅಂಜಿಕಿಲ್ಲಂತ ಯಾರು ಹೇಳ್ಯಾರ ನಿನಗ? ದಿನಾ ಆ ಗೇಟಿಗಿ ಹೋಗೋ ಮುಂದ ಜೀವ ಝಲ್ ಅಂತದ."

ನಾನು ಅಲ್ಲಿಯವರೆಗೆ ಹೆದರಿಕೆಯೆಂದರೆ ನನ್ನೊಬ್ಬಳ ರೋಗ ಎಂದುಕೊಂಡಿದ್ದೆ. ಆ ದಿನ ಉಂಡ ಭಜ್ಜಿಯ ರುಚಿ ಏನೂ ನೆನಪಿಲ್ಲ, ವಾಸನೆ ಮಾತ್ರ ಉಳಿದಿದೆ.

ಮರುವರ್ಷದ ಎಳ್ಳಮಾವಾಸ್ಯೆಗೆ ಚಾಚಾ ನನ್ನನ್ನು ಹೊಲಕ್ಕೆ ಅಟ್ಟಿದರು. ತಾವು ಇಡೀ ದಿನ ಖಾಲಿ ಯಾರ್ಡಿನ ಕಾಟಾ ಕೋಣೆಯಲ್ಲಿ ಕುಳಿತು, ಆಗಾಗ ಯಾವುದೋ ಹಳೆಯ ಬಂಡಿಯ ನಂಬರು ಹುಡುಕಿ ಸರ್ವರನ್ನು ಮಾತಾಡಿಸುತ್ತಿದ್ದರಂತೆ. "ಸೆಟ್ಟಿಂಗ್ ಹಾಕೀನ್ರಿ ಚಾಚಾ, ಇನ್ನ ನೀವು ಕೂಡೋದು ಬೇಕಾಗಿಲ್ಲ" ಎಂದಿದ್ದೆ. "ಅದು ಮಷೀನಿಗಿ ಆತು. ನನ್ನ ಎದಿಗಿ ಯಾವ ಸೆಟ್ಟಿಂಗ್ ಹಚ್ಚತಿ?" ಎಂದಿದ್ದರು. ಸಂಜೆ ನಮ್ಮ ಮನೆಗೆ ಫೋನು ಮಾಡಿ, ಸರ್ವರು ಬದುಕಿದೆ ಎಂದು ಹೇಳಿದ್ದು ಒಂದೇ ಮಾತು. "ಜಿಂದಾ ಅದ. ನಿಶ್ಚಿಂತಿ ಉಣ್ಣು."

ಕಾರ್ಖಾನೆ ಮುಚ್ಚಿತು. ಸರ್ವರು ಗುಜರಿಗೆ ಹೋಯಿತು. ನಾನು ಮದುವೆಯಾಗಿ ಹುಮನಾಬಾದದಲ್ಲೇ ನೆಲೆ ನಿಂತೆ. ಫೋನು ಮಾತ್ರ ನಿಲ್ಲಲಿಲ್ಲ. ಪ್ರತಿ ಎಳ್ಳಮಾವಾಸ್ಯೆಯ ಸಂಜೆ ಅದೇ ದನಿ ಬರುತ್ತಿತ್ತು. "ಜಿಂದಾ ಅದ" ಎನ್ನುವುದು ಯಾವಾಗಲೋ "ಜಿಂದಾ ಇದ್ದೀನಿ" ಎಂದಾಗಿತ್ತು. ಇಬ್ಬರೂ ನಕ್ಕು ಇಡುತ್ತಿದ್ದೆವು.

ಡಬ್ಬಿಯ ಮುಂದೆ ಕುಳಿತು ಇದನ್ನೆಲ್ಲ ನೆನೆಯುತ್ತಿದ್ದಂತೆ ನನ್ನ ಮೇಲೇ ಸಿಟ್ಟು ಬಂತು. ಇದ್ದೀಯಾ ಎಂದು ಕೇಳದೆ ಸತ್ತ ಫೋನು ಕಿವಿಗೆ ಹಿಡಿದು ಕೂಡಬೇಡ ಎಂದು ಒಂದು ಸರ್ವರಿಗೆ ಕಲಿಸಿದವಳು ನಾನು. ಎದ್ದು ಅಕ್ಕಿಯ ಡಬ್ಬದ ಮೇಲಿನ ಮೊಬೈಲು ತೆಗೆದುಕೊಂಡೆ. ಹೆದರಿಕೆ ಇದ್ದರೆ ಇರಲಿ ಎಂದು ಒತ್ತಿದೆ. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಾರೋ ಎತ್ತಿದರು. ಆ ಕಡೆ ಬರೀ ಉಸಿರು.

"ಚಾಚಾ," ಎಂದೆ. "ಇದ್ದೀರೇನ್ರಿ?"

ತೀರಾ ಸಣ್ಣಗಾದ ದನಿಯೊಂದು ಬಂತು.

"ಜಿಂದಾ ಇದ್ದೀನಿ, ಬೇಟಿ. ಪ್ರತಿ ವರ್ಷ ನಾನೇ ಹೇಳತೀನಿ. ಒಂದ್ ಸಲ ನೀ ಕೇಳ್ತಿ ಏನ್ ನೋಡೋಣಂತ ನಿನ್ನಿಯಿಂದ ಫೋನ್ ಎದಿ ಮ್ಯಾಲ ಇಟ್ಕೊಂಡು ಮಲಗೀನಿ."