ಒಂದು ಗದ್ದೆಸಾಲಿಗೆ ಐದು ಫೋನು

ಶುಕ್ರವಾರ ಬೆಳಿಗ್ಗೆ ಏಳೂಕಾಲಿಗೆ ಮಂಡ್ಯದಲ್ಲಿ ಮದ್ದೂರಿನ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ದರವಿಲ್ಲ. ಆದರೂ ಕಂಡಕ್ಟರರಿಂದ ಶೂನ್ಯ ದರದ ಚೀಟಿಯನ್ನು ಕೇಳಿ ಪಡೆದೆ. ಮೂವತ್ತೊಂದು ವರ್ಷ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿದವಳಿಗೆ ಚೀಟಿಯಿಲ್ಲದ ಪ್ರಯಾಣ ಪ್ರಯಾಣವೆನಿಸುವುದಿಲ್ಲ.

ಹೊರಟ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗಳು ಸೌಮ್ಯ ಮಂಡ್ಯದಲ್ಲಿ ಮೂರೇ ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತಾಳೆ. ಭತ್ತ ಕೊಯ್ಯುವ ಯಂತ್ರವನ್ನು ರೈತರು ಫೋನಿನಲ್ಲೇ ಗೊತ್ತುಮಾಡಿಕೊಳ್ಳುವ ಆಪ್ ಅವರದು. ಪ್ರತಿ ಬುಕಿಂಗಿಗೂ ಯಂತ್ರದ ಮಾಲೀಕರು ಶುಲ್ಕ ಕೊಡುತ್ತಾರೆ. ನನ್ನ ನಿವೃತ್ತಿಯ ಹಣ ಬಿದ್ದರೆ ಕಂಪನಿ ಉಳಿಯುತ್ತದೆ. ಇಲ್ಲವಾದರೆ ತಿಂಗಳ ಕೊನೆಗೆ ಬೀಗ. ಪ್ರತಿ ಕೊಯ್ಲಿಗೂ ಹೊಸ ಗಿರಾಕಿಗಳು ಸೇರುತ್ತಿದ್ದಾರೆ, ಆದಾಯ ಮೂರು ಪಟ್ಟಾಗುತ್ತದೆ ಎಂಬುದು ಸೌಮ್ಯಳ ಅಂದಾಜು. ಬೆಂಗಳೂರಿನಿಂದ ಬಂದಿದ್ದ ಸಲಹೆಗಾರನೊಬ್ಬ ಅದೇ ಗಿರಾಕಿಗಳ ಪಟ್ಟಿ ನೋಡಿ, "ಒಮ್ಮೆ ಬಂದವರು ಮತ್ತೆ ಬರ್ತಿಲ್ಲ, ಇದು ಮುಳುಗೋ ಕಂಪನಿ" ಎಂದ. ಏಕೆ ಬರುತ್ತಿಲ್ಲವೆಂದು ಯಾರಾದರೂ ಹೋಗಿ ಕೇಳಿದ್ದೀರಾ ಎಂದೆ. "ಅಜ್ಜಿ, ನೀವು ಕಾಫಿ ಕಳಿಸಿ ಸಾಕು" ಎಂದು ನಕ್ಕ. ಅದು ಸೋಮವಾರ, ಹನ್ನೊಂದೂವರೆ ಗಂಟೆ. ನಾನು ಮರೆತಿಲ್ಲ. ಕಾಫಿಯನ್ನೂ ಕಳಿಸಲಿಲ್ಲ.

ಮದ್ದೂರಿಗೆ ಇಪ್ಪತ್ತು ಕಿಲೋಮೀಟರು. ಮಂಜಿನ ದೆಸೆಯಿಂದ ಮುಕ್ಕಾಲು ಗಂಟೆ ಹಿಡಿಯಿತು. ಹೋಟೆಲಿನಲ್ಲಿ ವಡೆ ತಣ್ಣಗಿತ್ತು. ಹೇಳಿದೆ, ಬದಲಾಯಿಸಿ ಕೊಟ್ಟರು. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಚಿಕ್ಕರಸಿನಕೆರೆಗೆ ಹೋಗಿ, ಸಲಹೆಗಾರನ 'ಮರಳದವರ' ಪಟ್ಟಿಯ ಮೊದಲ ಹೆಸರಾದ ನಿಂಗರಾಜುವನ್ನು ವಿಚಾರಿಸಿದೆ. ಆತ ಗದ್ದೆಯ ಬದುವಿನ ಮೇಲಿದ್ದ. ಎದುರಿಗೇ ಯಂತ್ರ ಕೊಯ್ಯುತ್ತಿತ್ತು. ಸೌಮ್ಯಳ ಆಪಿನಲ್ಲೇ ಕರೆಸಿದ್ದಂತೆ!

"ನೀವು ಬಿಟ್ಟುಹೋದಿರಿ ಅಂತ ಬರೆದಿದೆಯಲ್ಲಪ್ಪ?" ಎಂದೆ.

"ನಾನ್ಯಾಕವ್ವ ಬುಟ್ಟೋಗ್ಲಿ? ಓದ್ಸಲ ನನ್ ಸರದಿ, ಈ ಸಲ ಈ ಕೆಂಪಣ್ಣಂದು" ಎಂದು ಪಕ್ಕದವನನ್ನು ತೋರಿಸಿದ.

"ಇವ್ನು ಕರ್ಸಿದಾಗ ಮಿಸನ್ನು ಒತ್ತು ಮುಳುಗೋವಾಗ ಬಂದಿತ್ತು ಕಣವ್ವ" ಎಂದ ಕೆಂಪಣ್ಣ. "ನನ್ ಫೋನ್ ನೋಡು, ಒತ್ತಾರೆಗೇ ಬಂತು!"

"ಮಾತಾಡ್ಬೇಡ ಕಣ್ಲಾ. ಓದ್ಸಲ ಡ್ರೈವರ್‌ಗೆ ಕೋಳಿ ಕುಯ್ದಿದ್ದು ನಮ್ಮನೇಲಿ. ಒಬ್ನೇ ಆರ್ ಮುದ್ದೆ ಉಂಡ! ಈಗ ನಿನ್ ಎಡ್ತಿ ಮುದ್ದೆ ತೊಳಸ್ಲಿ."

ಅಷ್ಟರಲ್ಲಿ ನನಗೆ ಪಟ್ಟಿಯ ಗುಟ್ಟು ಹೊಳೆಯಿತು. ರಸ್ತೆಯಿಂದ ಒಳಕ್ಕೆ ಐದು ಜನರ ಗದ್ದೆಗಳು ಒಂದೇ ಸಾಲಿನಲ್ಲಿವೆ. ಮುಂದಿನ ಗದ್ದೆ ಕೊಯ್ಯದೆ ಹಿಂದಿನದಕ್ಕೆ ಯಂತ್ರ ಹೋಗಲಾರದು. ಆದ್ದರಿಂದ ಐವರ ಪರವಾಗಿ ಒಬ್ಬನೇ ಯಂತ್ರ ಕರೆಸುತ್ತಾನೆ. ಕರೆಸಿದವನ ಮನೆಯಲ್ಲೇ ಡ್ರೈವರನ ಊಟ. ಆ ಊಟದ ಭಾರ ಒಂದೇ ಮನೆಗೆ ಬೀಳದಿರಲೆಂದು ಪ್ರತಿ ಕೊಯ್ಲಿಗೂ ಸರದಿ, ಸರದಿಗೊಂದು ಫೋನು. ಸಲಹೆಗಾರ ಕಳೆದುಹೋದವನೆಂದು ಬರೆದ ಮನುಷ್ಯ ಬದುವಿನ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಸೌಮ್ಯ ಹೊಸಬನೆಂದು ಹಿಗ್ಗಿದ ಗಿರಾಕಿಯೂ ಅದೇ ಸಾಲಿನ ಹಳಬ. ಇಬ್ಬರ ಲೆಕ್ಕವೂ ತಪ್ಪು.

ಒಂದು ಸಾಲು ನೋಡಿ ತೀರ್ಮಾನಿಸುವವಳು ನಾನಲ್ಲ. ಹನ್ನೆರಡರ ಬಸ್ಸಿಗೆ ಮಳವಳ್ಳಿಗೆ ಹೊರಟೆ. ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಮಂಜು ಕರಗಿ ಬಿಸಿಲು ಚುರುಗುಟ್ಟುತ್ತಿತ್ತು. ಆಪಿಗೆ ಎರಡು ಯಂತ್ರಗಳನ್ನು ಸೇರಿಸಿರುವ ರಫೀಕ್ ತಮ್ಮ ವರ್ಕ್‌ಶಾಪಿನಲ್ಲೇ ಸಿಕ್ಕಿದರು. ಕುರ್ಚಿ ಒರೆಸಿ ಕೂರಿಸಿ, ಟೀ ತರಿಸಿದರು. ಮರ್ಯಾದೆಯನ್ನೂ ನಾನು ಮರೆಯುವುದಿಲ್ಲ.

"ನಮ್ ಡೈರಿಲಿ ರೈತರ ಹೆಸ್ರೇ ಇಲ್ಲಮ್ಮ" ಎಂದರು. "ಬೇವಿನಮರದ ಸಾಲು, ನಾಲೆ ಸಾಲು, ಹಂಗೇ ಬರ್ಕೊಳ್ಳೋದು."

ಎರಡು ಕೊಯ್ಲುಗಳ ಪುಟಗಳನ್ನು ತಾಳೆ ನೋಡಿದೆ. ಹತ್ತೊಂಬತ್ತು ಸಾಲುಗಳಲ್ಲಿ ಹದಿನೇಳು ಮರಳಿ ಬಂದಿದ್ದವು.

"ಬುಕಿಂಗಿನ ಬದಲು ಯಂತ್ರ ಓಡಿದ ಗಂಟೆಗೆ ಇಷ್ಟು ಅಂತ ಕೇಳಿದರೆ ಕೊಡುತ್ತೀರಾ?"

"ಐದು ಗದ್ದೆ ಒಟ್ಟಿಗೆ ಸಿಕ್ರೆ ನಂಗೆ ಅಲೆದಾಟ ಇಲ್ಲ, ಡೀಸೆಲ್ ಉಳೀತದೆ. ಕೊಡಾನ. ಆದ್ರೆ ಮಿಸನ್ ಕೆಟ್ಟು ನಿಂತಾಗ್ಲೂ ಗಂಟೆ ಎಣಿಸ್ಬೇಡಿ ಮತ್ತೆ!"

ಸಂಜೆ ಐದೂವರೆಗೆ ಮಂಡ್ಯದಲ್ಲಿ ಇಳಿದಾಗ ಸೌಮ್ಯ ಸ್ಕೂಟರಿನೊಂದಿಗೆ ಕಾದಿದ್ದಳು. "ದೊಡ್ಡಮ್ಮ, ಮುಚ್ಚಿಬಿಡ್ಲಾ?" ಎಂದಳು. ಮುಖ ಬಾಡಿತ್ತು.

"ಮೂರು ಪಟ್ಟು ಆಗೋದಿಲ್ಲ. ಇರುವ ಸಾಲುಗಳಲ್ಲಿ ಐದನೆಯ ಮನೆಯ ಸರದಿ ಮುಗಿದ ಮೇಲೆ ನಿನ್ನ ಹೊಸ ಗಿರಾಕಿಗಳು ನಿಂತೇ ಹೋಗುತ್ತಾರೆ. ಫೋನು ಎಣಿಸಬೇಡ, ಸಾಲು ಎಣಿಸು. ಐದು ಗದ್ದೆ ಕೊಯ್ದರೂ ಈಗ ಒಂದೇ ಬುಕಿಂಗಿನ ಶುಲ್ಕ, ಅದನ್ನು ಗಂಟೆಗೆ ಹಾಕು. ಆದಾಯ ಒಂದೂವರೆ ಪಟ್ಟು ಖಂಡಿತ. ಅಷ್ಟು ಸಾಕು, ನಾನು ಹಣ ಹಾಕುತ್ತೇನೆ."

ಅವಳು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ಮನೆಗೆ ಬಂದು ನಾಲ್ಕು ಪುಟದ ವರದಿ ಬರೆದು, ಕೆಳಗೆ ನನ್ನ ಪೂರ್ಣ ಹೆಸರು, ನಿವೃತ್ತಿಗೆ ಮುಂಚಿನ ಹುದ್ದೆ ಎರಡನ್ನೂ ನಮೂದಿಸಿ ಸಹಿ ಮಾಡಿದೆ. ಸೋಮವಾರ ಆ ಸಲಹೆಗಾರ ಮತ್ತೆ ಬರುತ್ತಾನಂತೆ. ಹನ್ನೊಂದೂವರೆಗೆ ಅವನ ಮುಂದೆ ವರದಿಯನ್ನಿಡಲು ಸೌಮ್ಯಳಿಗೆ ಹೇಳಿದ್ದೇನೆ. ನಾಲ್ಕನೆಯ ಪುಟ ಓದಿ ಮುಗಿಸಿದ ಮೇಲೆ ಕಾಫಿ ಕಳಿಸುತ್ತೇನೆ.