ಅರಿಸಿನ ಹಚ್ಚಿದ ಮೊದಲ ಹಾಳೆ

ಅದು ಶನಿವಾರ. ನನ್ನ ಗಂಡ ಮಸ್ಕಿಯ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದರು. ಶನಿವಾರ ಬೆಳಗಿನ ಶಾಲೆ, ಹಾಗಾಗಿ ಸಿಂಧನೂರಿನಿಂದ ಏಳರ ಬಸ್ಸು ಹಿಡಿಯಬೇಕು. ಶಾಲೆ ಬಿಟ್ಟ ಮೇಲೆ ಅಲ್ಲಿಂದಲೇ ಲಿಂಗಸುಗೂರಿಗೆ ಹೋಗಿ, ತಮ್ಮ ತಂಗಿಯ ಮದುವೆ ಕಾರ್ಡಿನ ನಮೂನೆಯನ್ನು ಅಚ್ಚುಖಾನೆಗೆ ಕೊಟ್ಟು ಬರುವುದಿತ್ತು. ಆ ನಮೂನೆಯನ್ನು ಮನೆಯ ಪ್ರಿಂಟರಿನಲ್ಲಿ ತೆಗೆಯಲು ಆರು ಗಂಟೆಗೇ ಕುಳಿತಿದ್ದರು. ನಾನು ಚಹಾಕ್ಕೆ ಇಟ್ಟಿದ್ದೆ. ಅತ್ತೆ ಅಂಗಳ ಗುಡಿಸುತ್ತಿದ್ದರು. ಅಂಗಳದ ತುಂಬ ಎಂದಿನಂತೆ ಅಕ್ಕಿ ಗಿರಣಿಯ ಹೊಟ್ಟಿನ ಕರಿ ಬೂದಿ ಬಿದ್ದಿತ್ತು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಓಣಿಯಲ್ಲಿ ಕಂಪ್ಯೂಟರ್ ಇದ್ದ ಮನೆ ನಮ್ಮದೊಂದೇ. ಯಾರೋ ಬಳಸಿ ಬಿಟ್ಟ ಕಂಪ್ಯೂಟರು, ಅದರ ಜೊತೆಗೊಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ತುರ್ವಿಹಾಳ, ಮುಕ್ಕುಂದದ ಕಡೆಯಿಂದ ಜನ ಮದುವೆ ಕಾರ್ಡಿನಲ್ಲಿ ಬರಬೇಕಾದ ಮಜಕೂರನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಿದ್ದರು. ಇವರು ಅದನ್ನು ಟೈಪ್ ಮಾಡಿ ಒಂದು ಹಾಳೆ ತೆಗೆದುಕೊಡುತ್ತಿದ್ದರು. ಜನ ಹೆಸರುಗಳನ್ನು ತಿದ್ದಿಕೊಂಡು ಅಚ್ಚುಖಾನೆಗೆ ಒಯ್ಯುತ್ತಿದ್ದರು. ಒಂದಕ್ಕೊಂದು ಕೂಡಿಕೊಂಡ ಹಾಳೆಗಳು ಮಡಿಕೆ ಮಡಿಕೆಯಾಗಿ ಮೇಜಿನ ಕೆಳಗಿನ ಡಬ್ಬಿಯಲ್ಲಿರುತ್ತಿದ್ದವು. ಹಾಳೆಯ ಎರಡೂ ಅಂಚಿಗೆ ಸಾಲಾಗಿ ತೂತುಗಳು. ಆ ತೂತುಗಳನ್ನು ಹಿಡಿದು ಮೇಲಕ್ಕೆ ಎಳೆಯುವ ಎರಡು ಕ್ಲಿಪ್ಪುಗಳು ಪ್ರಿಂಟರಿನಲ್ಲಿದ್ದವು. ಅವಕ್ಕೆ ಇವರು ಕಿವಿ ಎನ್ನುತ್ತಿದ್ದರು.

ಕಾಗದ ಸಿಕ್ಕಿಕೊಳ್ಳದ ವಾರವೇ ಇರಲಿಲ್ಲ. ಬೂದಿಯಿಂದ ಸಿಕ್ಕಿಕೊಳ್ಳುತ್ತಿತ್ತು, ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ತೇವದಿಂದ ಸಿಕ್ಕಿಕೊಳ್ಳುತ್ತಿತ್ತು. ಅವರು ಮಸ್ಕಿಯಲ್ಲಿರುವಾಗ ಅದನ್ನು ಬಿಡಿಸುವವಳು ನಾನೇ ಆದ್ದರಿಂದ ನನಗೆ ಕಲಿಸಿದ್ದರು.

"ಮೊದಲ ಸ್ವಿಚ್ ಆರಸು. ಆಮ್ಯಾಲ ಎರಡೂ ಕಿವಿ ಬಿಚ್ಚು. ಗುಂಡಿ ತಿರುವಿ ಮುಂದಕ್ಕ ಬಿಡು. ಹಿಂದಕ್ಕ ಮಾತ್ರ ಜಗ್ಗಬ್ಯಾಡ. ಎಮ್ಮಿ ಬಾಗಲದಾಗ ಸಿಕ್ಕೊಂಡ್ರ ಬಾಲ ಹಿಡದು ಜಗ್ತಾರೇನು?"

"ನಮ್ಮಪ್ಪ ಕೊಂಬು ಹಿಡದು ಜಗ್ತಿದ್ದ" ಎಂದಿದ್ದೆ.

"ಅದಕ್ಕ ನಿಮ್ಮ ಗುರುಗುಂಟಾದ ಎಮ್ಮಿಗುಳಿಗೆ ಕೊಂಬಿಲ್ಲ."

ನನ್ನ ತವರು ಗುರುಗುಂಟಾ. ನಮ್ಮ ಎಮ್ಮೆಗಳಿಗೆ ಕೊಂಬಿದ್ದವು. ಆದರೂ ಅವರು ವರ್ಷವಿಡೀ ಆ ಮಾತನ್ನು ಬಿಡಲಿಲ್ಲ.

ನಾದಿನಿಯ ಕಾರ್ಡಿನ ಕೆಲಸ ಶುರುವಾದಾಗ ನಾನು ಒಂದು ಮಾತು ಕೇಳಿದ್ದೆ. ನಮ್ಮ ಕಡೆಯ ಕಾರ್ಡುಗಳ ಕೆಳಗೆ, ಎಲ್ಲರನ್ನೂ ಕರೆಯುವ ಮನೆಯವರು ಎಂದು ಗಂಡಸರ ಹೆಸರುಗಳು ಸಾಲಾಗಿ ಬರುತ್ತಿದ್ದವು. ಆ ಸಾಲಿನಲ್ಲಿ ನನ್ನ ಹೆಸರನ್ನೂ ಹಾಕುತ್ತೀರಾ ಎಂದು ಕೇಳಿದೆ. ಬೇರೆಯವರ ಮನೆಯ ಎಷ್ಟೋ ಹೆಸರುಗಳು ಆ ಪ್ರಿಂಟರಿನಿಂದ ಬರುವುದನ್ನು ನೋಡಿದ್ದೆ. ಸಿಕ್ಕಿಕೊಂಡಾಗ ಅವನ್ನು ಹರಿಯದಂತೆ ಬಿಡಿಸಿದ್ದೂ ನಾನೇ. ಅವರು "ನೋಡೂಣು" ಎಂದರು. ಅದರ ಮೇಲೆ ಮತ್ತೆ ಕೇಳಲು ನನಗೆ ನಾಚಿಕೆಯಾಯಿತು.

ಆ ಶನಿವಾರ ಅವರು ನಡುವೆ ಎದ್ದು ಸ್ನಾನಕ್ಕೆ ಹೋದಾಗ ಅತ್ತೆ ಕೂಗಿ ಹೇಳಿದರು, "ಶುಭಕಾರ್ಯದ ಮೊದಲನೇ ಹಾಳಿ ಅದು. ಬರೀ ಹಾಳಿ ಹಾಕಬ್ಯಾಡ್ರಿ. ನಾಕೂ ಮೂಲಿಗೆ ಅರಿಷಿಣ ಹಚ್ಚು." ಮದುವೆ ಕಾರ್ಡಿನ ಮೂಲೆಗಳಿಗೆ ಅರಿಸಿನ ಹಚ್ಚುವುದು ನಮ್ಮಲ್ಲಿ ಇದ್ದದ್ದೇ. ಅಂಗೈಯಲ್ಲಿ ನೀರು ಹಾಕಿ ಅರಿಸಿನ ಕಲಸಿ, ಡಬ್ಬಿಯ ಮೇಲಿನ ಹಾಳೆ ಎತ್ತಿ ನಾಲ್ಕೂ ಮೂಲೆಗೆ ಮುಟ್ಟಿಸಿದೆ. ನಂತರ ಅದನ್ನು ಮೊದಲಿದ್ದಂತೆಯೇ ಮಡಚಿ ಇಟ್ಟೆ. ಕೆಳಗಿನ ಎರಡು ಮೂಲೆಗಳು ಮಡಿಕೆಯೊಳಗೆ ಮುಂದಿನ ಹಾಳೆಗೆ ತಾಗಿಕೊಂಡು ಕುಳಿತವು. ಅದು ನನಗೆ ಹೊಳೆಯಲಿಲ್ಲ.

ಅವರು ಬಂದು ಹಾಳೆಯ ತುದಿಯನ್ನು ಪ್ರಿಂಟರಿಗೆ ಏರಿಸುವಾಗ ಹಳದಿ ಮೂಲೆ ಕಂಡಿತು.

"ಏನ್ ಬೇ, ಪ್ರಿಂಟರಿಗೂ ಅರಿಷಿಣ ಹಚ್ಚಿ ಲಗ್ನ ಮಾಡ್ತೀರೇನು?" ಎಂದು ಅತ್ತೆಯ ಕಡೆ ನೋಡಿ ನಕ್ಕರು. ಆಮೇಲೆ, "ಒಣಗೈತಿಲ್ಲ?" ಎಂದು ನನ್ನನ್ನು ಕೇಳಿದರು.

ನಾನು ನೋಡಿರಲಿಲ್ಲ. ಚಹಾ ಉಕ್ಕುತ್ತಿತ್ತು. "ಒಣಗ್ಯಾದ್ರಿ" ಎಂದುಬಿಟ್ಟೆ.

ಅವರು ಕಂಪ್ಯೂಟರಿನ ಮುಂದೆ ಕುಳಿತು ಕೆಳಭಾಗದಲ್ಲಿ ಏನೋ ಟೈಪ್ ಮಾಡಿದರು. ನಾನು ಕಪ್ಪು ಹಿಡಿದು ಬಂದರೆ ಪರದೆಗೆ ಕೈ ಅಡ್ಡ ಇಟ್ಟರು.

"ಕೆಳಗ ಒಂದು ಸಾಲು ಸೇರ್ಸೀನಿ. ಹಾಳಿ ಹೊರಗ ಬರ್ಲಿ, ಓದಾಕಂತಿ."

ಪ್ರಿಂಟರು ಕರ್‌ಕರ್ ಎಂದು ಶುರುವಾಯಿತು. ದೇವರ ಹೆಸರು ಬಂತು. ವಧುವಿನ ಹೆಸರು, ವರನ ಹೆಸರು ಬಂದವು. ಮುಹೂರ್ತ, ಸ್ಥಳ ಬಂದವು. ನಾನು ನಿಂತೇ ಓದುತ್ತಿದ್ದೆ. ಮನೆಯವರ ಹೆಸರುಗಳಲ್ಲಿ ಮೊದಲನೆಯದು, ಅಂದರೆ ಇವರ ಅಣ್ಣ, ನನ್ನ ಭಾವನವರ ಹೆಸರು ಬಂತು. ಅಷ್ಟರಲ್ಲಿ ಸದ್ದು ಬದಲಾಯಿತು. ಕಾಗದ ಮುಂದೆ ಸರಿಯಲಿಲ್ಲ. ಅಕ್ಷರ ಹೊಡೆಯುವ ತಲೆ ಮಾತ್ರ ಅತ್ತಿಂದಿತ್ತ ಓಡುತ್ತಲೇ ಇತ್ತು. ಅವರು ಸ್ವಿಚ್ಚಿಗೆ ಕೈ ಹಾಕುವ ಹೊತ್ತಿಗೆ ಅದು ಕೊನೆಯ ಸಾಲನ್ನೂ ಹೊಡೆದು ನಿಂತಿತು, ಅದೇ ಗಳಿಗೆಗೆ ಕರೆಂಟೂ ಹೋಯಿತು.

ಅವರು ಬಗ್ಗಿ ಪ್ರಿಂಟರಿನ ಹಿಂಭಾಗದಲ್ಲಿ ಬೆರಳಾಡಿಸಿದರು. ಬೆರಳು ಹಳದಿಯಾಗಿ ಬಂತು. ನನ್ನ ಮುಖ ನೋಡಿದರು.

"ಒಣಗ್ಯಾದ್ರಿ ಅಂದಿ" ಎಂದರು. ಬೈಯಲಿಲ್ಲ. ನಾನು ಏನಾದರೂ ಹೇಳುವ ಮೊದಲೇ, "ಅಯ್ಯ, ಆ ಸಾಲು ಸೇವ್ ಮಾಡಿದ್ದಿಲ್ಲ" ಎಂದರು.

"ಏನ್ ಬರದಿದ್ರಿ?"

"ಹೇಳಿದ್ರ ಮಜಾ ಏನೈತಿ? ಸಂಜಿಗೆ ಬಂದು ನಾನ ಬಿಡಸ್ತೀನಿ. ನೀ ಮುಟ್ಟಬ್ಯಾಡ. ನಿನ್ನ ಆತುರ ನನಗ ಗೊತ್ತೈತಿ. ಇವತ್ತ ಕಾರ್ಡಿನ ಬಣ್ಣ ಅಷ್ಟ ನೋಡ್ಕೊಂಡು ಬರ್ತೀನಿ."

ಬೆರಳನ್ನು ನನ್ನ ಸೆರಗಿಗೆ ಒರೆಸಿ ಬಸ್ಸಿಗೆ ಓಡಿದರು.

ಕರೆಂಟು ಹನ್ನೊಂದಕ್ಕೆ ಬಂತು. ನಾನು ಪ್ರಿಂಟರಿನ ಮುಚ್ಚಳ ತೆರೆದು ಕುಳಿತೆ. ಗುಂಡಿಯನ್ನು ಎರಡು ಸುತ್ತು ತಿರುವಿದರೆ ಸಾಕು, ಆ ಸಾಲು ಕಾಣುತ್ತದೆ ಅನಿಸಿತು. ತಿರುವಿದಾಗ ಹರಿದರೆ? ಒಮ್ಮೆ ಸುಳ್ಳು ಹೇಳಿಯಾಗಿತ್ತು. ಇನ್ನು ಹೇಳಿದ ಮಾತನ್ನೂ ಮೀರಿದರೆ ಅವರು ಏನೆಂದುಕೊಂಡಾರು? ಮುಚ್ಚಿದೆ. ಅನ್ನಕ್ಕಿಟ್ಟು ಬಂದು ಮತ್ತೆ ತೆರೆದೆ. ಹೀಗೆ ಎಷ್ಟು ಸಲ ಮಾಡಿದೆನೋ.

ನಾಲ್ಕರ ಸುಮಾರಿಗೆ ಅವರ ಶಾಲೆಯ ಮಾಸ್ತರೊಬ್ಬರು ಬಂದರು. ಬಾಗಿಲಲ್ಲೇ ನಿಂತು, ಒಳಗೆ ಗಂಡಸರು ಯಾರಿದ್ದಾರೆ ಎಂದು ಕೇಳಿದರು. ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಇವರು ಎದೆ ಹಿಡಿದುಕೊಂಡು ಕುಳಿತರಂತೆ. ಮತ್ತೆ ಏಳಲಿಲ್ಲ. ಅವರ ಚೀಲದಲ್ಲಿ ಊಟದ ಡಬ್ಬಿ ಮತ್ತು ಮೂರು ಬಣ್ಣದ ಖಾಲಿ ಕಾರ್ಡುಗಳಿದ್ದವು.

ಆಮೇಲಿನ ಎರಡು ದಿನ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಇಷ್ಟು. ಬಂದವರು ಕೂರಲು ಜಾಗ ಸಾಲದೆ, ಭಾವನವರು ಪ್ರಿಂಟರನ್ನು ಒಳಗಿಡಲು ಹೋದರು. ಅದರಿಂದ ಡಬ್ಬಿಯವರೆಗೆ ಹಾಳೆಗಳು ಜೋತುಬಿದ್ದಿದ್ದವು.

"ಇದೇನ್ ಬಾಲ ಬಿಟ್ಟೈತಿ, ಜಗ್ಗಿ ತಗೀರಿ ಅದನ್ನ" ಎಂದು ಯಾರೋ ಹೇಳಿದರು.

"ಜಗ್ಗಬ್ಯಾಡ್ರೀ!"

ಕೂಗಿದ್ದು ನಾನು. ಎರಡು ದಿನ ತುಟಿ ಬಿಚ್ಚದವಳು ಹಾಗೆ ಕೂಗಿದ್ದಕ್ಕೆ ಎಲ್ಲರೂ ತಿರುಗಿ ನೋಡಿದರು. "ಏನ್ ಅನ್ನಾಕತ್ಯಾಳವ್ವ ಈಕಿ" ಎಂದು ಒಬ್ಬ ಮುದುಕಿ ನನ್ನ ತಲೆ ಹಿಡಿದು ತೊಡೆಯ ಮೇಲೆ ಮಲಗಿಸಿಕೊಂಡಳು. ನಾದಿನಿಗೆ ಮಾತ್ರ ಅರ್ಥವಾಗಿರಬೇಕು. ಅವಳು ಎದ್ದು ಹೋಗಿ, ಡಬ್ಬಿಯನ್ನೂ ಪ್ರಿಂಟರನ್ನೂ ಕೂಡಿಸಿಯೇ ಎತ್ತಿಸಿ ಒಳಕೋಣೆಯಲ್ಲಿ ಇಡಿಸಿದಳು. ಮೇಲೆ ಒಂದು ದುಪ್ಪಟಿ ಹೊದಿಸಿದಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದುಪ್ಪಟಿ ತೆಗೆದೆ. ಸ್ವಿಚ್ ಆರಿಯೇ ಇತ್ತು, ಆದರೂ ಮತ್ತೊಮ್ಮೆ ನೋಡಿದೆ. ಎರಡೂ ಕಿವಿ ಬಿಚ್ಚಿದೆ. ಹಿಂಭಾಗದಲ್ಲಿ ಎರಡು ಹಾಳೆಗಳ ಮೂಲೆಗಳು ಅರಿಸಿನದಲ್ಲಿ ಅಂಟಿ, ಮಡಿಕೆ ಬಿಚ್ಚದೆ, ದಪ್ಪಗೆ ಕಿರಿದಾದ ಬಾಯಲ್ಲಿ ಸಿಕ್ಕಿಕೊಂಡಿದ್ದವು. ಅವು ಈಗ ಪೂರ್ತಿ ಒಣಗಿದ್ದವು. ಚೂರಿಯ ತುದಿಯಿಂದ ಅಂಟು ಬಿಡಿಸಿ, ಗುಂಡಿ ತಿರುವಿ, ಅವರು ಹೇಳಿದಂತೆ ಮುಂದಕ್ಕೇ ಬಿಟ್ಟೆ. ಹಾಳೆ ಎಲ್ಲಿಯೂ ಹರಿಯಲಿಲ್ಲ.

ಭಾವನವರ ಹೆಸರಿನ ಕೆಳಗೆ ಕಪ್ಪು ಪಟ್ಟಿಯೊಂದಿತ್ತು. ಕಾಗದ ನಿಂತರೂ ತಲೆ ಓಡುತ್ತಲೇ ಇದ್ದುದರಿಂದ, ಉಳಿದ ಸಾಲುಗಳೆಲ್ಲ ಒಂದರ ಮೇಲೊಂದು ಅದೇ ಜಾಗದಲ್ಲಿ ಬಿದ್ದಿದ್ದವು. ನನ್ನ ಗಂಡನ ಹೆಸರು ಅದರೊಳಗಿತ್ತು. ಚಿಕ್ಕಪ್ಪಂದಿರ ಹೆಸರುಗಳಿದ್ದವು. ಅವರು ಸೇರಿಸಿದ ಸಾಲೂ ಅದರೊಳಗೇ ಇತ್ತು. ಕಿಟಕಿಗೆ ಹಿಡಿದು ನೋಡಿದೆ. ಹಾಳೆ ತಿರುವಿ ಹಿಂದಿನಿಂದ ನೋಡಿದೆ. ತಲೆಯೊಳಗಿನ ಸೂಜಿಗಳ ಹೊಡೆತಕ್ಕೆ ಕಾಗದದ ಆ ಭಾಗ ಬಟ್ಟೆಯಂತೆ ಮೆತ್ತಗಾಗಿತ್ತು. ಕಂಪ್ಯೂಟರ್ ಗೊತ್ತಿದ್ದ ಒಬ್ಬ ಪರಿಚಯದವರನ್ನು ಕರೆಸಿ, ಒಳಗೆ ಏನಾದರೂ ಉಳಿದಿದೆಯೇ ಎಂದು ಹುಡುಕಿಸಿದೆ. ಹಿಂದಿನ ದಿನ ಉಳಿಸಿಟ್ಟ ಕಾರ್ಡು ಸಿಕ್ಕಿತು. ಅದು ಚಿಕ್ಕಪ್ಪಂದಿರ ಹೆಸರಿಗೆ ಮುಗಿದಿತ್ತು.

"ಏನ್ರೀ ಅಕ್ಕಾರ, ಅಗದೀ ಜರೂರಿನ ಕಾಗದ ಏನು?" ಎಂದು ಬಂದವರು ಕೇಳಿದರು.

"ಇಲ್ರಿ. ಲಗ್ನದ ಕಾರ್ಡು" ಎಂದೆ.

ಮುಂದೂಡಿದ ಮದುವೆ ಮರುವರ್ಷ ಆಯಿತು. ಕಾರ್ಡು ಪೂರ್ತಿ ಲಿಂಗಸುಗೂರಿನಲ್ಲೇ ತಯಾರಾಯಿತು. ಮಜಕೂರು ಬರೆಯುವಾಗ ನಾದಿನಿ, "ವೈನಿ ಹೆಸರು ಹಾಕ್ರಿ. ಅಣ್ಣ ಇದ್ದಿದ್ರ ಹಾಕ್ತಿದ್ದ" ಎಂದಳು.

"ಅಂವ ಏನ್ ಹಾಕ್ತಿದ್ದನೋ ಯಾರಿಗ್ ಗೊತ್ತು? ಶುಭದ ಕಾಗದದಾಗ ಅಂಥಾ ಹೆಸರು ಬ್ಯಾಡವ್ವ" ಎಂದರು ಭಾವನವರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅತ್ತೆ ನೆಲ ನೋಡುತ್ತ ಕುಳಿತಿದ್ದರು. ನಾದಿನಿ ನನ್ನ ಕಡೆ ನೋಡಿದಳು. ಒಳಕೋಣೆಯಿಂದ ಆ ಹಾಳೆ ತಂದು, ಇಗೋ ಇದರಲ್ಲಿ ಹಾಕಿದ್ದಾರೆ ಎಂದು ತೋರಿಸಬೇಕೆನಿಸಿತು. ಆದರೆ ತೋರಿಸುವುದೇನು? ಕಪ್ಪು ಪಟ್ಟಿ. ಇನ್ನೊಂದು ಸುಳ್ಳು ಹೇಳಲು ನನಗೆ ಧೈರ್ಯವಾಗಲಿಲ್ಲ.

ಪ್ರಿಂಟರು ಈಗಿಲ್ಲ. ಹಾಳೆ ನನ್ನ ಹತ್ತಿರವಿದೆ. ಮೂಲೆಗಳ ಹಳದಿ ಇನ್ನೂ ಪೂರ್ತಿ ಹೋಗಿಲ್ಲ. ಕೆಲವು ದಿನ ಆ ಪಟ್ಟಿಯ ಬಲತುದಿಯಲ್ಲಿ ಹೊರಗೆ ಚಾಚಿದ ಒಂದು ಕೊಂಬು ನನ್ನ ಹೆಸರಿನ ಕೊನೆಯ ಅಕ್ಷರದ್ದೇ ಅನಿಸುತ್ತದೆ. ಮತ್ತೆ ಕೆಲವು ದಿನ ಅದು ಚಿಕ್ಕಪ್ಪನ ಹೆಸರಿನದು ಅನಿಸುತ್ತದೆ. ಅವರು ಕೊನೆಯದಾಗಿ ಬರೆದ ಆ ಒಂದು ಸಾಲನ್ನು ನಾನು ಇನ್ನೂ ಓದಿಲ್ಲ.